ಗೋಡೆಗೆ ಮುಖ ಮಾಡಿ

ಪ್ರೀತಿಯ ಗುಬ್ಬಿಗೆ,

ಇವತ್ತು ಮಧ್ಯಾಹ್ನ ಯಜಮಾನರು ಕರೆದು, ಕಾಲು ತೊಡಿಸಿ ನಡೆಸಿ ನೋಡುವ ಅಳತೆ ಕೋಣೆಯ ಹೊಣೆ ಇನ್ನು ನನ್ನದೋ ನಿನ್ನದೋ ಎಂದು ನಾನೇ ಹೇಳಬೇಕು ಎಂದರು. ನಾಳೆ ಹೇಳುತ್ತೇನೆಂದು ಬಂದೆ. ಅದಕ್ಕೆ ಮೊದಲು ನಿನಗೆ ನಾಲ್ಕು ಮಾತು ಬರೆಯಬೇಕು. ಎದುರಿಗೆ ನಿಂತರೆ ಸುಮ್ಮನೆ ನಕ್ಕುಬಿಡುತ್ತೇನೆ.

ಕೃತಕ ಕಾಲು ಮಾಡುವ ಈ ಜಾಗಕ್ಕೆ ನೀನು ಬಂದಾಗ ಪ್ಲಾಸ್ಟರ್ ಕಲಸಲೂ ಬರುತ್ತಿರಲಿಲ್ಲ. ಅಚ್ಚು ಬಿರುಕು ಬಿಟ್ಟರೆ ಮೇಜಿನ ಕೆಳಗೆ ಬಚ್ಚಿಡುತ್ತಿದ್ದೆ. ಎಲ್ಲ ನಾನೇ ಕಲಿಸಿದೆ. ಕೊನೆಗೆ, ಯಾರಿಗೂ ಬಿಟ್ಟುಕೊಡದ ನನ್ನ ಒಂದು ಪಟ್ಟನ್ನೂ ಕಲಿಸಿದೆ: ಹೊಸ ಕಾಲು ತೊಟ್ಟವರು ನಡೆಯುವಾಗ ನೋಡಬಾರದು, ಗೋಡೆಗೆ ಮುಖ ಮಾಡಿ ನಿಂತು ಹೆಜ್ಜೆ ಕೇಳಬೇಕು. ನೋಡುತ್ತಿದ್ದೇವೆಂದು ಗೊತ್ತಾದರೆ ಎಂಥವರೂ ನೋವು ನುಂಗಿಕೊಂಡು ಚೆನ್ನಾಗಿ ನಡೆದು ತೋರಿಸುತ್ತಾರೆ. "ಕಣ್ಣಿಗೆ ದಾಕ್ಷಿಣ್ಯ ಜಾಸ್ತಿ, ಕಿವಿಗಿಲ್ಲ" ಎಂದಿದ್ದೆ, ನೆನಪಿದೆಯಾ?

ಆಮೇಲೆ ಬಂದದ್ದು ಆ ಅಂಚೆಯವರು. ಅವರ ಕಾಲು ನನ್ನ ಕೈಯಲ್ಲಿ ಆದದ್ದು. ಒಂದು ಹೆಜ್ಜೆ ಟಕ್ಕೆಂದು ಗಟ್ಟಿಯಾಗಿ ಬೀಳುತ್ತಿತ್ತು. ಹಿಮ್ಮಡಿ ಉಜ್ಜಿದೆ, ಕೀಲು ಸಡಿಲಿಸಿದೆ, ಮತ್ತೆ ಬಿಗಿ ಮಾಡಿದೆ. ಪ್ರತಿ ಸಲವೂ ಸೊಂಟ ಹಿಡಿದುಕೊಂಡೇ ವಾಪಸ್ ಬರುತ್ತಿದ್ದರು. ಆವತ್ತು ನೀನೂ ನನ್ನ ಪಕ್ಕ ಗೋಡೆ ನೋಡುತ್ತಾ ನಿಂತೆ. ಅವರು ಒಂದು ಸುತ್ತು ಮುಗಿಸುವ ಮೊದಲೇ ನೀನು, "ಅಕ್ಕ, ಇದು ನಾವು ಮಾಡಿದ ಕಾಲಿನ ಸದ್ದಲ್ಲ. ಇನ್ನೊಂದರದ್ದು" ಎಂದೆ.

ಅವರ ಸ್ವಂತ ಕಾಲಿನ ಬೂಟು ಬಿಚ್ಚಿಸಿದೆ. ಹಿಮ್ಮಡಿ ಒಂದೇ ಕಡೆ ಸವೆದು ಓರೆಯಾಗಿತ್ತು. ನಮ್ಮ ಕಾಲಿಗೆ ಹೊಸ ಬೂಟು ಹಾಕಿ, ಒಗ್ಗಿಹೋಗಿದೆಯೆಂದು ತಮ್ಮ ಕಾಲಿಗೆ ಹಳೆಯದನ್ನೇ ಮೆಟ್ಟಿದ್ದರು.

ಬೂಟು ಬದಲಾಯಿತು, ಸದ್ದು ಸಮವಾಯಿತು. ಅಚ್ಚು ಹಾಕುವ ತಾತ, ಗುರುವಿಗೇ ತಿರುಮಂತ್ರ ಎಂದು ನಕ್ಕ. ಅಂಚೆಯವರು ಹೊರಡುವಾಗ ನನ್ನ ಹತ್ತಿರ ಬಂದು, "ಇನ್ಮೇಲೆ ನನ್ನನ್ನ ಆ ಹುಡುಗೀನೇ ನೋಡ್ಲಿ. ನೀವು ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರೇನಿಲ್ಲ ಎಂದೆ. ಮನೆಗೆ ಹೋಗಿ ತಟ್ಟೆ ಕುಕ್ಕಿದಾಗ ನಮ್ಮ ಮನೆಯವರು, ಪಾಪ, ಆ ತಟ್ಟೆ ನಿಂಗೇನು ಮಾಡ್ತು ಎಂದು ಕೇಳಿದರು.

ಅಂದಿನಿಂದ ಬಾಗಿಲಲ್ಲಿ ಯಾರು ಕಂಡರೂ, ಅವರ ಕಣ್ಣು ಯಾರನ್ನು ಹುಡುಕುತ್ತದೆ ಎಂದು ನೋಡುತ್ತೇನೆ. ನಿನ್ನನ್ನೇ. ನಾನು ಹೇಳಿಕೊಟ್ಟ ಮಾತನ್ನೇ ನೀನು ಹೇಳಿದರೆ ತಲೆದೂಗುತ್ತಾರೆ. ಮೈ ಉರಿಯುತ್ತದೆ, ಗುಬ್ಬಿ.

ಆದರೂ ಒಂದು ಮಾತು ಒಪ್ಪಬೇಕು. ಇಷ್ಟು ವರ್ಷ ನಾನು ಕಿವಿ ಕೊಟ್ಟದ್ದು ನಾನು ಮಾಡಿದ ಕಾಲಿಗೆ ಮಾತ್ರ. ಈಗ ರಸ್ತೆಯಲ್ಲಿ, ಮೆಟ್ಟಿಲ ಮೇಲೆ, ಎಲ್ಲಿ ಹೋದರೂ ಜನರ ಎರಡೂ ಕಾಲು ಕೇಳಿಸುತ್ತವೆ. ಇದು ನಿನ್ನಿಂದ ಬಂದದ್ದು. ಕಲಿಸಿದ್ದಕ್ಕೆ ಸಿಕ್ಕ ಸಂಬಳ ಅನ್ನೋಣ. ಬೇಡ ಎನ್ನಲಾರೆ, ನಗುನಗುತ್ತಾ ಪಡೆಯಲೂ ಆಗುತ್ತಿಲ್ಲ.

ನಾಳೆ ನಿನ್ನ ಹೆಸರೇ ಹೇಳುತ್ತೇನೆ. ಥ್ಯಾಂಕ್ಸ್ ಹೇಳಲು ಓಡಿ ಬರಬೇಡ, ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಹೊಸ ಕಾಲುಗಳನ್ನು ಉಜ್ಜಿ ನಯ ಮಾಡುತ್ತಾ ಕೂತಿರುತ್ತೇನೆ. ನಡುವಿನ ಗೋಡೆ ತೆಳ್ಳಗಿದೆ. ನೀನು ಆ ಕಡೆ ಗೋಡೆಗೆ ಮುಖ ಮಾಡಿ ನಿಂತಾಗ, ಈ ಕಡೆ ನನ್ನ ಕಿವಿ ಇರುತ್ತದೆ. ನಿನಗೆ ಒಂದು ಹೆಜ್ಜೆ ತಪ್ಪಿಹೋದರೂ ಒಳಗೊಳಗೇ ಹಿಗ್ಗುತ್ತೇನೆ. ಆಮೇಲೆ ಗೋಡೆ ತಟ್ಟುತ್ತೇನೆ.

ನಿನ್ನ ಕಿವಿ ಸದಾ ಚುರುಕಾಗಿರಲಿ.

ಇನ್ನೂ ಉರಿಯುತ್ತಿರುವ,
ನಿನ್ನ ಅಕ್ಕ