ಬೆಂದ ಕಡಲೆ

ಅಕ್ಕ,

ಅತ್ತೆಯ ಕೈ ಹೇಗಿದೆ ಅಂತ ಕೇಳಿದಿರಲ್ಲ, ಗುಳ್ಳೆಗಳು ಒಡೆದು ಒಣಗುತ್ತಿವೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಯಲ್ಲಿ ಕರಿಯುವ ಫಲಾಫೆಲ್ ಉಂಡೆಗೆ ಕಡಲೆಯನ್ನು ನೆನೆಸಿ ಹಸಿಯಾಗಿಯೇ ರುಬ್ಬಬೇಕು, ಬೇಯಿಸಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತೆ ಅಂತ ನನಗೆ ಹೇಳಿಕೊಟ್ಟವರೇ ಅವರು. ಕಳೆದ ವಾರ ನಾನು ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ ನೆನೆಸಿಟ್ಟ ಕಡಲೆಯನ್ನೆಲ್ಲ ಬೇಯಿಸಿ, ರುಬ್ಬಿ, ಬಾಣಲೆಗೆ ಬಿಡುತ್ತಿದ್ದರು. ಉಂಡೆಗಳು ಪುಡಿಪುಡಿಯಾದವು. ನಾನು ಕೂಗುವ ಮೊದಲೇ ಅವನ್ನು ಬಾಚಿಕೊಳ್ಳಲು ಎಣ್ಣೆಗೆ ಬರಿಗೈ ಹಾಕಿಬಿಟ್ಟರು.

"ಕಡಲೆ ಬೇಯಿಸಿದ್ದು ಯಾರು?" ಅಂತ ಆಮೇಲೆ ಕೇಳಿದರು. ನಾನೇ ಅಂದೆ. ಅಂದಿನಿಂದ ಬಂದ ಗಿರಾಕಿಗಳಿಗೆಲ್ಲ ನನ್ನ ದಡ್ಡತನದ ಕಥೆ ಹೇಳಿ ನಗಿಸುತ್ತಾರೆ. ನಗಲಿ ಬಿಡಿ, ನಗುವೂ ಆರೋಗ್ಯಕ್ಕೆ ಒಳ್ಳೆಯದೇ, "ಮನೆಮಂದಿಗೆಲ್ಲ ಆರೋಗ್ಯದ ತಿಂಡಿ" ಅಂತ ಬೋರ್ಡ್ ಹಾಕಿಕೊಂಡು ಕೂತಿದ್ದೇವಲ್ಲ.

ನಿಮ್ಮ ತಮ್ಮನಿಗೆ ಮಾತ್ರ ಇದು ಸಹಿಸೋಕಾಗುತ್ತಿಲ್ಲ, ಅಮ್ಮನಿಗೆ ನಿಜ ಹೇಳುತ್ತೇನೆ ಅಂತ ಹೊರಟಿದ್ದಾರೆ. ಅವರಿಗೆ ನೀವೇ ತಿಳಿಹೇಳಿ. ಅತ್ತೆ ಫೋನಿಗೆ ಬಂದರೆ ನೀವೂ ನನ್ನನ್ನೇ ಬೈಯಿರಿ, ಬೇಜಾರಿಲ್ಲ. ಬರುವಾಗ ಸುಟ್ಟಗಾಯದ ಮುಲಾಮು ತನ್ನಿ.

ನಿನ್ನೆ ಕೈಗೆ ಬಟ್ಟೆ ಕಟ್ಟುವಾಗ ಅತ್ತೆ ನನ್ನ ಮುಖವನ್ನೇ ನೋಡಿ, "ಪಾಪ, ನಿನಗೆ ಕೆಲಸ ಕಲಿಸಿದವರು ಸರಿಯಾಗಿ ಕಲಿಸಲಿಲ್ಲ ಕಣಮ್ಮ" ಅಂದರು. ಸರಿಯಾಗೇ ಕಲಿಸಿದರು ಅಂದೆ.

"ಅವರು ಇನ್ನೂ ಇದ್ದಾರಾ?" ಅಂತ ಕೇಳಿದರು.

ಇದ್ದಾರೆ ಅಂದೆ. ಬೇಗ ಬನ್ನಿ ಅಕ್ಕ.

ನಿಮ್ಮ ತಮ್ಮನ ಹೆಂಡತಿ