ಎದ್ದವಳನ್ನು ಕೂಡಿಸಿದ ಪಾಪ

ಬೀದಿ ನಾಟಕಗಳಿಗೆ ಅನುದಾನ ಮಂಜೂರು ಮಾಡುವ ಮಾನ್ಯರೇ,

ನಿಮ್ಮ ಹಣ ತೆಗೆದುಕೊಂಡು ನಾಟಕ ಆಡಿದೆವು, ಜನರ ಬಾಯಿ ಮುಚ್ಚಿಸಿದೆವು. ತಪ್ಪು ನಿಮ್ಮದೆಷ್ಟು, ನನ್ನದೆಷ್ಟು ಎಂದು ತೂಗಿದರೆ ನನ್ನದೇ ಭಾರ. ಆದರೂ ನಿಮ್ಮನ್ನು ಬಿಡಲು ಮನಸ್ಸಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ನಮ್ಮ ತಂಡಕ್ಕೊಂದು ಪದ್ಧತಿಯಿತ್ತು. ಕಥೆ ಕಗ್ಗಂಟಾದಾಗ ಆಟ ನಿಲ್ಲಿಸಿ, "ಈಗೇನ್ ಮಾಡಬೇಕ್ರಿ? ನೀವೇ ಹೇಳ್ರಿ" ಎನ್ನುತ್ತಿದ್ದೆವು. ಯಾರಾದರೂ ಎದ್ದು ತಮ್ಮ ಮನೆಯ ಸಂಗತಿ ಹೇಳುತ್ತಿದ್ದರು, ಊರೇ ಕೂತು ದಾರಿ ಹುಡುಕುತ್ತಿತ್ತು. ಊಟಕ್ಕೆ ಅವರದೇ ರೊಟ್ಟಿ. ಆಮೇಲೆ ನಿಮ್ಮ ಆದೇಶ ಬಂತು: ದಿನಕ್ಕೆ ಮೂರು ಊರು, ಬ್ಯಾನರ್ ಮುಂದೆ ಫೋಟೊ, ಕೊನೆಗೆ ಘೋಷಣೆ. ಆಹಾ, ಎಂಥ ಅಭಿವೃದ್ಧಿ! ಫೋಟೊದಲ್ಲಿ ತಲೆಗಳು ಕಂಡರೆ ಸಾಕು, ತಲೆಯೊಳಗೇನಿದೆ ಎಂದು ಯಾರಿಗೆ ಬೇಕು? ತಂಡದವರ ಒಲೆ ಉರಿಯಬೇಕಲ್ಲ, ನಾನೂ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡೆ.

ದೀಪಾವಳಿಗೆ ಮುಂಚೆ ಖಜೂರಿಯಲ್ಲಿ ಆಡಿದ್ದು 'ಮಕ್ಕಳ ಶಾಲೆ ಬಿಡಿಸಬೇಡಿ' ಎಂಬ ಆಟ. ಹಳೇ ರೂಢಿ, "ನೀವೇ ಹೇಳ್ರಿ" ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಕಬ್ಬು ಕಡಿಯಲು ಪ್ರತಿವರ್ಷ ಮಹಾರಾಷ್ಟ್ರಕ್ಕೆ ಹೋಗುವ ಗಂಗಾಬಾಯಿ ಎದ್ದು ನಿಂತಳು.

"ಸರ, ನಂದೊಂದ್ ಮಾತ್ ಅದರಿ."

ಫೋಟೊ ಆಗಿತ್ತು, ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. "ಕೂಡ್ರಿ ಯಕ್ಕಾ, ಇನ್ನೊಂದ್ ಊರಿಗಿ ಹೋಗೋದದ" ಎಂದು ಕೈಮಾಡಿ ಕೂಡಿಸಿದೆ. ಘೋಷಣೆ ಕೂಗಿ ಹೊರಟೆವು.

ಮನಸ್ಸು ತಡೆಯದೆ ಮೊನ್ನೆ ಮತ್ತೆ ಹೋದೆ. ಅವಳ ಮನೆಗೆ ಕೀಲಿ ಹಾಕಿತ್ತು. ಹತ್ತನೇ ಇಯತ್ತೆ ಓದುವ ಮಗಳು ಸೀಮಾಳೂ ಕಬ್ಬಿನ ಹೊಲಕ್ಕೆ ಹೋಗಿದ್ದಾಳೆ. ಬಾಜೂ ಮನೆಯ ಪೀರಬಿ ನನ್ನನ್ನು ಗುರುತು ಹಿಡಿದರು.

"ಕಬ್ಬಿಗಿ ಹೋಗೂ ಮುಂದ ಹುಡುಗಿನ್ನ ಯಾರ್ ಮನ್ಯಾಗ ಬಿಡ್ಲಿ ಅಂತ ಕೇಳ್ಲಾಕೇ ಎದ್ದಿದ್ಳಂತ್ರಿ. ಹೋಗೂ ಮುಂದ ಹೇಳಿ ಅತ್ಳು. ಅಷ್ಟೊತ್ತಿಗಿ ಲಾರಿ ಬಂದಿತ್ತು. ಅವತ್ತೇ ಕೇಳಿದ್ರ ನಾನೇ ಇಟ್ಕೋತಿದ್ದೆ. ನನ್ ಮನ್ಯಾಗ ಎರಡ್ ರೊಟ್ಟಿಗಿ ಬರಾ ಅದೇನ್ರಿ? ನೀವೇ ಕೂಡಿಸಿಬಿಟ್ರಿ."

ಶಾಲೆ ಬಿಡಿಸಬೇಡಿ ಎಂದು ಕೂಗಿ ಒಂದು ಹುಡುಗಿಯ ಶಾಲೆ ಬಿಡಿಸಿ ಬಂದವನು ನಾನು. ಅದಕ್ಕೆ ನಿಮ್ಮ ಕಚೇರಿ ಮೆಚ್ಚುಗೆ ಪತ್ರ ಕೊಟ್ಟಿದೆ!

ನನ್ನ ಬೇಡಿಕೆ ಇಷ್ಟೇ. ದಿನಕ್ಕೆ ಒಂದೇ ಊರು ಕೊಡಿ. ಆಟದ ನಂತರ ಜನರೊಡನೆ ಕೂತು ಮಾತಾಡುವುದನ್ನೂ ಕೆಲಸವೆಂದು ತಿಳಿದು ಅದಕ್ಕೂ ಸಂಭಾವನೆ ಕೊಡಿ. ಮಾರ್ಚಿಗೆ ಆರಿಹೋಗುವ ಅನುದಾನ ಬೇಡ, ಅದೇ ಊರಿಗೆ ಮತ್ತೆ ಹೋಗಲು ಆಗಬೇಕು. ಆಗದಿದ್ದರೆ ನಿಮ್ಮ ಬ್ಯಾನರ್ ವಾಪಸ್ ತೆಗೆದುಕೊಳ್ಳಿ.

ನಾಳೆ ಪೀರಬಿಯವರ ಜೊತೆ ಆ ಕಬ್ಬಿನ ಹೊಲಕ್ಕೆ ಹೊರಟಿದ್ದೇನೆ. ಸೀಮಾಳ ಪರೀಕ್ಷೆಗೆ ಇನ್ನೂ ಸಮಯವಿದೆ. ಈ ಸಲ ಗಂಗಾಬಾಯಿ ಮಾತಾಡುತ್ತಾಳೆ, ನಾನು ಕೂತು ಕೇಳುತ್ತೇನೆ.

ಇಂತಿ,
ಖಜೂರಿಯಲ್ಲಿ ಜೀಪು ಹತ್ತದೆ ಉಳಿಯಬೇಕಿದ್ದ ಸೂತ್ರಧಾರ,
ಶಂಕರಲಿಂಗ, ಗೊಬ್ಬೂರ