ಸಾಕ್ಷಿಯ ರೂಮು

ಫೆಬ್ರವರಿ 3, ಸೋಮವಾರ

ಇವತ್ತೂ ಬೆಳಕು ಹರಿಯುವ ಮೊದಲೇ ಎಚ್ಚರ. ದೋಣಿಗಳು ದಡಕ್ಕೆ ಬರುವ ಹೊತ್ತು. ಎದ್ದು ಮೀನಿನ ಬುಟ್ಟಿಗೆ ಕೈ ಚಾಚಿದೆ. ಬುಟ್ಟಿ ಎಲ್ಲಿ? ಒಂದು ಮಂಚ, ಒಂದು ಫ್ಯಾನು, ಗೋಡೆಯಾಚೆ ಯಾರದೋ ಕೆಮ್ಮು. ಕಿಟಕಿ ತೆರೆದರೆ ಕಿಂಗ್‌ಸ್ಟನ್ ಬಂದರಿನ ಕ್ರೇನುಗಳು. ಸಮುದ್ರ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ಅದೂ ಡೀಸೆಲ್ ವಾಸನೆ.

ಪೊಲೀಸ್ ಕಾರ್ಪೊರಲ್ ಟಲಕ್ ಬಂದು ಹೋದರು. ನನ್ನ ತಮ್ಮ ಹೋಪ್ಟನ್ ಸಾವಿನ ವಿಚಾರಣೆ ಮುಂದಕ್ಕೆ ಹೋಯಿತಂತೆ. ಜೂರಿಗೆ ಸಾಕಷ್ಟು ಜನ ಬರಲಿಲ್ಲ. ಬರುವ ಸೋಮವಾರ. ಅಲ್ಲಿಯವರೆಗೆ ಊರಿಗೆ ಹೋಗಕೂಡದು, ಇಲ್ಲೇ ಇರಬೇಕು. ನಮ್ಮೂರ ದೋಣಿಗಳ ಜೆಟ್ಟಿಯ ಮೇಲೆ ಅವತ್ತು ನನ್ನ ಜೊತೆ ನಿಂತಿದ್ದ ಇಬ್ಬರಿಗೂ ಈಗ ಏನೂ ನೆನಪಿಲ್ಲವಂತೆ. ಒಬ್ಬನ ದೋಣಿಗೆ ಹೊಸ ಎಂಜಿನ್ ಬಂದಿದೆ. ಉಳಿದವಳು ನಾನೊಬ್ಬಳು.

ಇಲ್ಲಿ ಯಾರ ಹತ್ತಿರವೂ ಕೋರ್ಟಿನ ಮಾತು ಎತ್ತಬೇಡಿ ಅಂದರು. ಕೇಳಿದರೆ ಏನು ಹೇಳಲಿ? ಏನಾದರೂ ಹೇಳಿ ಅಂದರು.

ಮಧ್ಯಾಹ್ನವೇ ಹೋಟೆಲಿನ ಯಜಮಾನಿ ಮಿಸ್ ಪೆಟ್ ಕೇಳಿಬಿಟ್ಟರು. ಕಣ್ಣು ತೋರಿಸಲು ಬಂದಿದ್ದೇನೆ ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಫೆಬ್ರವರಿ 5, ಬುಧವಾರ

ಕೂತರೆ ಕೂರಲಾಗುವುದಿಲ್ಲ. ಮಲಗಿದರೆ ಮೈ ನೋವು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಹೀಗೆ ತಿರುಗಿ ತಿರುಗಿ ಕೊನೆಗೆ ಹಿತ್ತಲ ಅಡುಗೆಮನೆಗೆ ಹೋದೆ. ಎಲ್ಲ ರೂಮಿನವರಿಗೂ ಅದೊಂದೇ ಅಡುಗೆಮನೆ. ಮಿಸ್ ಪೆಟ್ ಮೀನು ತರಿಸಿದ್ದರು. ಕಿವಿರು ಎತ್ತಿ ನೋಡಿದೆ, ಕಣ್ಣು ನೋಡಿದೆ. ಇದು ಮೊನ್ನೆಯದು ಅಂದೆ.

"ನೋಡ್ರಪ್ಪಾ," ಅಂದರು ಮಿಸ್ ಪೆಟ್, "ತನ್ ಕಣ್ಣು ತೋರ್ಸೋಕೆ ಬಂದೋಳು ನನ್ ಮೀನಿನ್ ಕಣ್ಣು ನೋಡ್ತಾ ಕೂತವ್ಳೆ."

ಒಲೆ ಹತ್ತಿರ ಬಾಳೆಕಾಯಿ ಬೇಯಿಸುತ್ತಿದ್ದ ಹೆಂಗಸು ಜೋರಾಗಿ ನಕ್ಕಳು. ಒಂಬತ್ತನೇ ರೂಮಿನವಳು, ವಾಲ್ರಿ. ಉತ್ತರ ತೀರದ ಕಡೆಯವಳಂತೆ. ಗಂಡ ಹಡಗಿನಲ್ಲಿ ಅಡುಗೆಯವನು, ಹಡಗು ಬರುವುದನ್ನು ಕಾಯುತ್ತಿದ್ದಾಳೆ. ಯಾವ ಹಡಗು ಅಂದೆ. ಹೆಸರು ಬಾಯಿಗೆ ಬರುತ್ತಿಲ್ಲ ಅಂದಳು. ಗಂಡನ ಹಡಗಿನ ಹೆಸರು ಮರೆಯುವ ಹೆಂಡತಿಯೂ ಇರುತ್ತಾಳೆ ಅಂದುಕೊಂಡೆ.

ಮೀನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಜಾಸ್ತಿ ಹಾಕಿ ಹೇಗೋ ದಡ ಹತ್ತಿಸಿದೆ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು. ಹೋಪ್ಟನ್ ಹೋದ ಮೇಲೆ ಹೊಟ್ಟೆ ತುಂಬ ಉಂಡದ್ದು ಇವತ್ತೇ ಇರಬೇಕು.

ಫೆಬ್ರವರಿ 7, ಶುಕ್ರವಾರ

ವಾಲ್ರಿ ನನ್ನ ಕೂದಲು ಹೆಣೆದುಕೊಟ್ಟಳು. ಬಿಗಿಯಾಗಿ ಎಳೆಯುತ್ತಾಳೆ, ಬಾಯಿ ಸುಮ್ಮನಿರುವುದಿಲ್ಲ. ಕಣ್ಣಿಗೆ ದಿನಾ ಸೆರಸಿ ಸೊಪ್ಪಿನ ಕಹಿ ಕಷಾಯ ಕುಡಿಯಬೇಕಂತೆ, ಅವಳ ಅಜ್ಜಿಗೆ ತೊಂಬತ್ತಕ್ಕೂ ಕನ್ನಡಕ ಇರಲಿಲ್ಲವಂತೆ. ಸರಿ ಸರಿ ಅಂದೆ. ನಾಚಿಕೆಯಾಯಿತು.

ಕಳೆದ ಬಿರುಗಾಳಿಗೆ ಅವಳ ಮನೆಯ ತಗಡು ಹಾರಿಹೋಯಿತಂತೆ. ಮಕ್ಕಳು ಮೂರು ತಿಂಗಳು ಚರ್ಚಿನ ಬೆಂಚುಗಳ ಮೇಲೆ ಮಲಗಿದವು. ಈಗ ಗೋಡೆ ಇರುವ ಮನೆ ಬರುತ್ತದೆ, ಕಾಂಕ್ರೀಟಿನದು, ಮಾತಾಗಿದೆ ಅಂದಳು. ಯಾರು ಕಟ್ಟಿಸುತ್ತಾರೆ ಅಂದಿದ್ದಕ್ಕೆ ಹೆಣೆಯುವ ಕೈ ನಿಂತಿತು. ಗಂಡನ ಧಣಿ ಅಂದಳು. ಒಳ್ಳೆಯ ಧಣಿ ಅಂದೆ. ಅವಳು ಇನ್ನೊಂದು ಎಳೆ ಹಿಡಿದು ಬಿಗಿಯಾಗಿ ಎಳೆದಳು.

ನಿನಗೆ ಯಾರಿದ್ದಾರೆ ಅಂತ ಕೇಳಿದಳು. ತಮ್ಮ ಅಂದೆ. ಇದ್ದ ಅನ್ನಲಿಲ್ಲ. ಇದ್ದಾನೆ ಅಂದೆ...

ಫೆಬ್ರವರಿ 9, ಭಾನುವಾರ, ಸಂಜೆ

ಕಾರ್ಪೊರಲ್ ಬೇಡವೆಂದರೂ ಬಂದರಿನ ಗೋಡೆಯವರೆಗೆ ನಡೆದು ಬಂದೆ. ಚರ್ಚ್ ಮುಗಿಸಿದ ಹೆಂಗಸರು ಟೋಪಿ ಹಿಡಿದುಕೊಂಡು ಗಾಳಿಗೆ ನಗುತ್ತಿದ್ದರು. ನೀರು ನೋಡಿದೆ. ನಾಳೆ ಹೇಳಬೇಕಾದ್ದನ್ನು ಇನ್ನೊಮ್ಮೆ ಹೇಳಿಕೊಂಡೆ. ಇಲ್ಲೂ ಬರೆದಿಡುತ್ತೇನೆ, ನಾಲಿಗೆ ಕೈಕೊಟ್ಟರೆ ಇರಲಿ.

ನಾನು ಜೆಟ್ಟಿಯ ಮೇಲಿದ್ದೆ. ಮಧ್ಯಾಹ್ನ, ಬಿಸಿಲು ಚೆನ್ನಾಗಿತ್ತು. ಹೋಪ್ಟನ್ ತನ್ನ ಸಣ್ಣ ದೋಣಿ ನಿಲ್ಲಿಸಿ, ಲಾಬ್‌ಸ್ಟರ್‌ಗೆ ಮುಳುಗಿ ಆಗ ತಾನೇ ಮೇಲೆ ಬಂದಿದ್ದ. ಆ ಬಿಳಿ ಮೋಟರ್ ಬೋಟು ಬಂಡೆಯ ಆಚೆಯಿಂದ ತಿರುಗಿತು. ಸ್ಟಿಯರಿಂಗ್ ಹಿಡಿದಿದ್ದವನು ಬೋಟಿನ ಮಾಲೀಕ ಮೆಲ್ವಿಲ್ ಧಣಿ. ಕೆಂಪು ಟೋಪಿ. ಬೋಟು ನಡೆಸಲು ಅವನು ಕೂಲಿಗಿಟ್ಟ ಲೆಬರ್ಟ್ ಹಿಂದೆ ಕೂತಿದ್ದ. ಬೋಟು ಬಡಿದು ಹೋಪ್ಟನ್ ದೋಣಿ ಎರಡು ಹೋಳಾಯಿತು. ಹಿಂದೆ ಕೂತವನು ನೀರಿಗೆ ಹಾರಿದ. ಸ್ಟಿಯರಿಂಗ್ ಹಿಡಿದವನು ಕೂತಲ್ಲೇ ಕೂತಿದ್ದ.

ಪೊಲೀಸರು ಬಂದಾಗ ಲೆಬರ್ಟ್, ನಾನೇ ನಡೆಸುತ್ತಿದ್ದೆ ಅಂದ.

ಅಷ್ಟೇ. ನಾಳೆ ಇಷ್ಟನ್ನೇ ಹೇಳುವುದು.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ವಾಲ್ರಿಯ ಬಾಗಿಲು ಹಾಕಿತ್ತು. ಹಡಗು ಬಂದಿರಬೇಕು ಅಂದುಕೊಂಡು ಹೋಟೆಲಿನ ಹಿಂಬಾಗಿಲಿಂದ ಹೋಗಿ ಕಾರ್ಪೊರಲ್ ಕಾರು ಹತ್ತಿದೆ.

ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ವಾಲ್ರಿ. ನೀಲಿ ಫ್ರಾಕು, ಭಾನುವಾರದ ಟೋಪಿ. ಪಕ್ಕದಲ್ಲಿ ಒಬ್ಬ ಗಂಡಸು, ತಲೆ ತಗ್ಗಿಸಿ. ಮೊದಲು ಖುಷಿಯಾಗಿ ಕೈ ಎತ್ತಿದೆ, ಅವಳೂ ಎತ್ತಿದಳು. ಅಷ್ಟರಲ್ಲಿ ಆ ಗಂಡಸು ತಲೆ ಎತ್ತಿದ. ಲೆಬರ್ಟ್.

ಇಬ್ಬರ ಕೈಯೂ ಹಾಗೇ ಕೆಳಗಿಳಿಯಿತು.

ವಿಚಾರಣೆ ನಡೆಸುವ ಮ್ಯಾಜಿಸ್ಟ್ರೇಟ್ ಅಮ್ಮನಿಗೆ ಜ್ವರ. ಮತ್ತೆ ಮುಂದಕ್ಕೆ, ಈ ಸಲ 20ಕ್ಕೆ. ಸಂಜೆ ಮಿಸ್ ಪೆಟ್‌ಗೆ ಎಲ್ಲ ಹೇಳಿದೆ, ರೂಮು ಬದಲಿಸಿ ಅಂತ ಬೇಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಕೋರ್ಟ್ ಹತ್ರ ಇರೋ ಅಗ್ಗದ ಹೋಟ್ಲು ಕಣೇ ಇದು. ಇಲ್ಲಿಗೆ ಬಂದೋರು ಯಾರು ನಿಜ ಹೇಳವ್ರೆ? ನಾನೂ ಸುಮ್ನೆ ಕೇಳ್ತೀನಿ, ಹೊತ್ತು ಹೋಗ್ಬೇಕಲ್ಲ."

ರೂಮು ಯಾವುದೂ ಖಾಲಿ ಇಲ್ಲ.

ಫೆಬ್ರವರಿ 11

ಅಡುಗೆಮನೆಯಲ್ಲಿ ಎದುರಾದೆವು. ಇರುವುದು ಒಂದೇ ಒಲೆ. ಅವಳು ತನ್ನ ಪಾತ್ರೆ ಇಳಿಸಿ ಹೊರಗೆ ಹೋದಳು. ನೀರು ಇನ್ನೂ ಕುದಿ ಬಂದಿರಲಿಲ್ಲ. ನಾನೂ ಏನೂ ಮಾಡದೆ ಬಂದೆ. ಬ್ರೆಡ್ಡು ತಿಂದೆ.

ಫೆಬ್ರವರಿ 18, ಮಂಗಳವಾರ

ಬರೆಯಲು ಏನಿತ್ತು. ನಡೆದೆ. ಮೆಟ್ಟಿಲು ಇಳಿದೆ, ಹತ್ತಿದೆ. ಬೀದಿಯಲ್ಲಿ ಡೊಮಿನೊ ಆಡುವವರು ಬಿಲ್ಲೆ ಕುಕ್ಕಿದರೆ ಎದೆ ಹಾರುತ್ತದೆ. ಬಸ್ ನಿಲ್ದಾಣದವರೆಗೆ ಒಮ್ಮೆ ಹೋದೆ, ನಮ್ಮೂರಿನ ಬಸ್ಸು ಹತ್ತಿ ಕೂತೂ ಬಿಟ್ಟೆ. ಅದು ಹೊರಡುವ ಮೊದಲು ಇಳಿದೆ. ಕಂಡಕ್ಟರ್ ಬೈದ.

ಇವತ್ತು ಮಧ್ಯಾಹ್ನ ವಾಲ್ರಿ ಬಾಗಿಲು ಬಡಿದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಸತ್ತೋನು ನಿನ್ ತಮ್ಮ ಅಂತ ಗೊತ್ತಿರ್ಲಿಲ್ಲ ಯೂಲಿ. ಗೊತ್ತಿದ್ರೆ ನಿನ್ ತಟ್ಟೆಗೆ ಕೈ ಹಾಕ್ತಿರ್ಲಿಲ್ಲ."

ಗೊತ್ತು ಅಂದೆ.

"ಮೆಲ್ವಿಲ್ ಜೈಲಿಗೆ ಹೋದ್ರೆ ನಿನ್ ತಮ್ಮ ಎದ್ದು ಬರ್ತಾನಾ?"

"ನಿನ್ ಗಂಡ ಮಾಡದ ತಪ್ಪಿಗೆ ಒಳಗೆ ಹೋಗ್ತಾನೆ. ಅದು ಸರೀನಾ?"

"ಸರಿ ಅಂತ ಯಾರಂದ್ರು? ಒಂದಷ್ಟು ವರ್ಷ ಅಂದವ್ರೆ. ಆಮೇಲೆ ಗೋಡೆ ಇರೋ ಮನೆ. ನೀನು ಸುಳ್ಳು ಹೇಳ್ಬೇಡ. ದೂರ ಇತ್ತು, ಸರಿಯಾಗಿ ಕಾಣ್ಲಿಲ್ಲ ಅನ್ನು. ಅಷ್ಟು ಸಾಕು."

"ಕಂಡಿತ್ತಲ್ಲ ವಾಲ್ರಿ."

"ಹಂಗಾದ್ರೆ ಮುಂದೆ ನನ್ನ ದೂರ್ಬೇಡ" ಅಂದು ಹೋದಳು. ಮಕ್ಕಳು ಬೆಂಚಿನ ಮೇಲೆ ಮಲಗಿದ್ದು ಕಣ್ಣಿಗೆ ಬರುತ್ತಿದೆ. ಅವಳ ಮಕ್ಕಳನ್ನು ನಾನು ನೋಡಿಯೂ ಇಲ್ಲ. ಆದರೂ ಬರುತ್ತಿದೆ.

ಹೋಪ್ಟನ್‌ಗೆ ಐದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅವನನ್ನು ಸಾಕಿದವಳು ನಾನು. ಮೀನು ಮಾರಿಯೇ ಸಾಕಿದೆ. ಇದನ್ನು ವಾಲ್ರಿಗೆ ಹೇಳಬೇಕಿತ್ತು ಅನಿಸಿತು. ಹೇಳಿ ಏನು ಮಾಡಲಿ.

ಫೆಬ್ರವರಿ 20, ಗುರುವಾರ

ಕೋರ್ಟಿನಲ್ಲಿ ಹೇಳಿದೆ. ಜೆಟ್ಟಿ, ಬಿಸಿಲು, ಕೆಂಪು ಟೋಪಿ, ಹಾರಿದವನು, ಕೂತವನು. ನಾಲಿಗೆ ಕೈಕೊಡಲಿಲ್ಲ. ಮೆಲ್ವಿಲ್ ಎದುರಿಗೇ ಇದ್ದ, ಉಗುರು ನೋಡಿಕೊಳ್ಳುತ್ತ.

ಆಮೇಲೆ ಅವನ ವಕೀಲ ಎದ್ದ. ಮೆಲ್ಲನೆ ಮಾತಾಡುವವನು. ಈ ಊರಲ್ಲಿ ಎಲ್ಲಿ ಇಳಿದುಕೊಂಡಿದ್ದೀರಿ, ಊಟ ಸರಿ ಇದೆಯೇ ಅಂತೆಲ್ಲ ಕೇಳಿದ. ನಂತರ, ಕಿಂಗ್‌ಸ್ಟನ್‌ಗೆ ಕಣ್ಣಿನ ಚಿಕಿತ್ಸೆಗೆ ಬಂದಿದ್ದೇನೆ ಅಂತ ಹೋಟೆಲಿನಲ್ಲಿ ಹೇಳಿದ್ದು ಹೌದೋ ಅಲ್ಲವೋ ಅಂದ.

ಹೌದು ಅಂದೆ. ಅದು ಸುಳ್ಳು ಅಂದೆ. ಯಾರಿಗೂ ಹೇಳಬಾರದು ಅಂದಿದ್ದರು, ಅದಕ್ಕೆ...

"ಹಾಗಾದರೆ ತಾಯಿ, ಒಂದೋ ನಿಮಗೆ ಕಣ್ಣು ಕಾಣುವುದಿಲ್ಲ. ಇಲ್ಲವಾದರೆ ಸುಳ್ಳು ಹೇಳುತ್ತೀರಿ. ಎರಡರಲ್ಲಿ ಯಾವುದನ್ನು ಬರೆದುಕೊಳ್ಳೋಣ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಉಳಿದದ್ದು ನಾಳೆಗೆ ಅಂತ ಕೋರ್ಟು ಎದ್ದಿತು. ಡಾಕ್ಟರನ್ನು ಕರೆಸಿ ಕಣ್ಣು ಪರೀಕ್ಷೆ ಮಾಡಿಸೋಣ ಅಂದರು ಕಾರ್ಪೊರಲ್. ಆದರೆ ಅವರ ಮುಖವೂ ಸರಿ ಇರಲಿಲ್ಲ. ತಪ್ಪು ಅವರದೂ ಇತ್ತು, ಅವರಿಗೆ ಗೊತ್ತು. ಆದರೆ ಜೂರಿಯವರು ನನ್ನನ್ನು ನೋಡಿದ ನೋಟ ಯಾವ ಡಾಕ್ಟರಿಂದ ಹೋಗುತ್ತದೆ?

ವಕೀಲನ ಕಿವಿಗೆ ಹಾಕಿದವಳು ವಾಲ್ರಿಯೇ. ಇನ್ನಾರು? ಅವಳ ಬಾಗಿಲ ಮುಂದೆ ನಿಂತೆ. ಬಡಿಯಲು ಕೈ ಎತ್ತಿದೆ. ಒಳಗೆ ಫೋನಿನಲ್ಲಿ ಮಕ್ಕಳ ಜೊತೆ ಮಾತಾಡುತ್ತಿದ್ದಳು. ಹೋಮ್‌ವರ್ಕ್ ಆಯ್ತಾ ಅಂತ ಕೇಳುತ್ತಿದ್ದಳು. ತಿರುಗಿ ಬಂದೆ.

ಫೆಬ್ರವರಿ 21, ಶುಕ್ರವಾರ

ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ವಕೀಲ ವಾಲ್ರಿಯನ್ನು ಕರೆಸಿದ. ಬೈಬಲ್ ಮುಟ್ಟಿದಳು. ಈ ಹೆಂಗಸು ಕಣ್ಣಿನ ತೊಂದರೆ ಇದೆ ಅಂತ ನಿಮಗೆ ಹೇಳಿದ್ದು ನಿಜವೇ? ನಿಜ ಅಂದಳು. ಅವನು ಸಾಕು ಅಂದ. ಅವಳು ಇಳಿಯಲಿಲ್ಲ. ಕಟಕಟೆಯ ಮರ ಹಿಡಿದುಕೊಂಡು ಹಾಗೇ ನಿಂತಳು. ಇನ್ನೇನಾದರೂ ಹೇಳುವುದಿದೆಯೇ ಅಂತ ಮ್ಯಾಜಿಸ್ಟ್ರೇಟ್ ಅಮ್ಮ ಕೇಳಿದರು.

"ಅವಳ ಕಣ್ಣಿಗೆ ಏನೂ ಆಗಿಲ್ಲ ಅಮ್ಮಾ. ನನ್ ಮಗಳ ಯೂನಿಫಾರಂ ಹೊಲೀತಿದ್ದೆ, ಸೂಜಿಗೆ ದಾರ ಪೋಣಿಸೋಕೆ ಆಗ್ಲಿಲ್ಲ. ಇವಳು ಮಾತಾಡ್ತಾ ಮಾತಾಡ್ತಾನೇ ಪೋಣಿಸಿಕೊಟ್ಲು. ನನ್ ಗಂಡ ಹಡಗಲ್ಲವ್ನೆ ಅಂತ ನಾನೂ ಹೇಳಿದ್ದೆ. ಸುಳ್ಳು ಇಬ್ರೂ ಹೇಳಿದ್ವಿ."

ಆ ದಾರದ ವಿಷಯ ನನಗೆ ನೆನಪೇ ಇರಲಿಲ್ಲ.

ವಕೀಲ ಎದ್ದ. ಮ್ಯಾಜಿಸ್ಟ್ರೇಟ್ ಅಮ್ಮ ಕೈ ಅಡ್ಡ ಮಾಡಿದರು. ವಾಲ್ರಿ ಬೇರೆ ಯಾರ ಕಡೆಯೂ ನೋಡಲಿಲ್ಲ, ಗಂಡನ ಕಡೆ ನೋಡಿದಳು.

"ಲೆಬರ್ಟ್, ಆ ಮನೇಲಿ ಒಬ್ಳೇ ಮಲಗೋಕೆ ನನ್ ಕೈಲಾಗಲ್ಲ. ನೀನೇ ಹೇಳ್ಬಿಡು."

ಲೆಬರ್ಟ್‌ನನ್ನು ಕಟಕಟೆಗೆ ಕರೆದರು. ನೀರು ಕೊಟ್ಟರು, ಕುಡಿಯಲಿಲ್ಲ. ಕೊನೆಗೆ ಒಂದೇ ಮಾತು. ನಾನು ಹಿಂದೆ ಕೂತಿದ್ದೆ.

ಮೆಲ್ವಿಲ್ ಉಗುರು ನೋಡುವುದನ್ನು ಬಿಟ್ಟ.

ಊಟದ ನಂತರ ಜೂರಿ ಬಂತು. ಹೋಪ್ಟನ್ ಸಾವಿಗೆ ಮೆಲ್ವಿಲ್ ಮೇಲೆ ಮೊಕದ್ದಮೆ ಹೂಡಬೇಕು ಅಂದರು. ಸುಳ್ಳು ಹೇಳಿದ್ದಕ್ಕೆ ಲೆಬರ್ಟ್ ಮೇಲೂ ಒಂದು ಕೇಸು ಬರುತ್ತದಂತೆ, ಆದರೆ ಸದ್ಯಕ್ಕೆ ಮನೆಗೆ ಬಿಟ್ಟಿದ್ದಾರೆ. ಕೆಲಸ ಹೋಯಿತು. ಧಣಿ ಕಟ್ಟಿಸಬೇಕಿದ್ದ ಮನೆಯೂ ಹೋಯಿತು. ಇವತ್ತಿಗಾಗಿ ಇಷ್ಟು ದಿನ ಬೇಡಿಕೊಂಡಿದ್ದೆ. ಖುಷಿ ಆಗಬೇಕಿತ್ತು. ಕಾರಿನಲ್ಲಿ ಕೂತು ಅತ್ತೆ. ಕಾರ್ಪೊರಲ್ ಕಿಟಕಿ ಆಚೆ ನೋಡುತ್ತ ಗಾಡಿ ನಿಧಾನ ಮಾಡಿದರು.

ಹೋಟೆಲಿಗೆ ಬಂದು ವಾಲ್ರಿಗೆ ಥ್ಯಾಂಕ್ಸ್ ಹೇಳಲು ಹೋದೆ. ಗಂಟು ಕಟ್ಟುತ್ತಿದ್ದಳು.

"ನಿನಗೋಸ್ಕರ ಮಾಡಿಲ್ಲ," ಅಂದಳು ತಲೆ ಎತ್ತದೆ. "ನಿನ್ನ ನೋಡಿದ್ರೆ ನಂಗೆ ಇನ್ನೂ ಸಿಟ್ಟು ಬರ್ತದೆ. ಹೋಗು ಈಗ."

ಹೋದೆ.

ಫೆಬ್ರವರಿ 22, ಶನಿವಾರ, ಬೆಳಿಗ್ಗೆ

ಚೀಲ ಕಟ್ಟಿದ್ದಾಗಿದೆ. ಬಸ್ಸಿಗೆ ಇನ್ನೂ ಹೊತ್ತಿದೆ. ಮಿಸ್ ಪೆಟ್ ದಾರಿಗೆ ಕರಿದ ಡಂಪ್ಲಿಂಗ್ ಕಟ್ಟಿಕೊಟ್ಟರು. ಮುಂದಿನ ಸಲ ಬಂದರೆ ನಿಜ ಹೇಳೆ, ರೂಮು ಕಡಿಮೆಗೆ ಕೊಡ್ತೀನಿ ಅಂದರು.

ಗೇಟಿನ ಹತ್ತಿರ ವಾಲ್ರಿ, ಲೆಬರ್ಟ್ ಗಾಡಿಗೆ ಕಾಯುತ್ತಿದ್ದರು. ಅವಳು ಮುಖ ತಿರುಗಿಸಿದಳು. ಅವನು ಬಂದ. ಟೋಪಿ ಕೈಯಲ್ಲಿ ಹಿಂಡುತ್ತ ನಿಂತ. ಇದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ಆದರೆ ನಿಮಗೆ ಸೇರಬೇಕಾದ್ದು ಅಂದ. ಅವನು ನೀರಿನಿಂದ ಎತ್ತಿದಾಗ ಹೋಪ್ಟನ್‌ಗೆ ಉಸಿರಿತ್ತಂತೆ. ಮಾತಾಡಿದನಂತೆ. ದಡದ ಕಡೆ ಕೈ ಮಾಡಿದನಂತೆ.

"ನಮ್ಮಕ್ಕ ಅಲ್ಲಿದಾಳೆ. ಈ ಕಡೆ ನೋಡ್ಬೇಡ ಅಂತ ಹೇಳಣ್ಣ ಅಂದ. ಅಷ್ಟೇ. ಆಮೇಲೆ ಏನೂ ಅನ್ಲಿಲ್ಲ."

ಗಾಡಿ ಬಂತು, ಅವರು ಹೋದರು. ನಾನು ರೂಮಿಗೆ ವಾಪಸು ಬಂದು ಕೂತಿದ್ದೇನೆ. ಬಸ್ಸಿನ ಹೊತ್ತಾಯಿತು ಅಂತ ಮಿಸ್ ಪೆಟ್ ಕೂಗುತ್ತಿದ್ದಾರೆ.

ಅಲ್ಲ ಕಣೋ ಹೋಪ್ಟನ್. ನೋಡಬೇಡ ಅಂದರೆ ಹೇಗೋ. ಐದು ವರ್ಷದವನಿದ್ದಾಗಿಂದ ನೀನು ನೀರಿಗಿಳಿದಾಗೆಲ್ಲ ನಾನು ದಡದಲ್ಲಿ ನಿಂತು ನಿನ್ನನ್ನೇ ನೋಡುತ್ತ...